ಕುಸುಮಾ ನಿಲ್ಲಿಸಿದ ಓಟ

ಸುಂಕಸಾಳದ ಕುಸುಮಾಳ ಬಲಗಾಲು ಮುರಿದದ್ದು ಬಿದ್ದಲ್ಲ, ಯಾರೋ ದೂಡಿಯೂ ಅಲ್ಲ. ರಾಜ್ಯಮಟ್ಟದ ಕೂಟದಲ್ಲಿ, ಐದು ಸಾವಿರ ಮೀಟರಿನ ಕೊನೆಯ ಸುತ್ತಿನಲ್ಲಿ, ಓಡುತ್ತಿದ್ದಾಗಲೇ ಮೊಣಕಾಲಿನ ಕೆಳಗಿನ ಮೂಳೆ ಒಣಕಟ್ಟಿಗೆಯಂತೆ ಲಟಕ್ಕೆಂದಿತು. ಮೂರನೆಯವಳಾಗಿ ಬರುತ್ತಿದ್ದಳು, ಗೆರೆಗೆ ಇನ್ನೂರು ಮೀಟರ್ ಉಳಿದಿತ್ತು. ಹಿಂದಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಅವಳ ಪಕ್ಕದಿಂದ ದಾಟಿ ಹೋದರು. ಆಗ ಅವಳಿಗೆ ಹತ್ತೊಂಬತ್ತು.

ಅಪ್ಪ ಜಟ್ಟ, ಅವ್ವ ಅಕ್ಕಮ್ಮ ಇಬ್ಬರೂ ಕೂಲಿಯವರು. ಯಲ್ಲಾಪುರದ ಹೆದ್ದಾರಿಯಲ್ಲಿ ಲಾರಿಗಳ ಗಾಳಿಗೆ ಮೈಯೊಡ್ಡಿ ಬರಿಗಾಲಲ್ಲಿ ಶಾಲೆಗೆ ಓಡಿ ಹೋಗುತ್ತಿದ್ದ ಹುಡುಗಿಯನ್ನು ತಾಲೂಕು ಕೂಟದಲ್ಲಿ ಕಂಡವರು ಅಂಕೋಲೆಯ ರಾಮನಾಥ ಮಾಸ್ತರು. ನಿವೃತ್ತ ದೈಹಿಕ ಶಿಕ್ಷಕರು, ಮಕ್ಕಳಿಲ್ಲ. ದಿನಾ ಸಂಜೆ ನಾಲ್ಕೈದು ಹುಡುಗಿಯರನ್ನು ಓಡಿಸುವುದೇ ಅವರ ಸಂಸಾರ. ಅವರ ಕೈಯಲ್ಲಿ ತಯಾರಾದ ಇಬ್ಬರು ಪೊಲೀಸ್ ಇಲಾಖೆ ಸೇರಿದ್ದರು. ಕುಸುಮಾ ಅವರಿಗಿಂತ ಮುಂದೆ ಹೋಗುತ್ತಾಳೆ ಎಂದು ಮಾಸ್ತರು ಊರೆಲ್ಲ ಹೇಳಿಕೊಂಡು ಬಂದಿದ್ದರು.

ಕೂಟಕ್ಕೆ ಆರು ವಾರ ಇರುವಾಗ ಕಾಲು ನೋಯಲು ಶುರುವಾಗಿತ್ತು. ಅವಳು ಮಾಸ್ತರಿಗೆ ತೋರಿಸಿದಳು. ಅವರು ಹೆಬ್ಬೆರಳಿನಿಂದ ಮೂಳೆಯ ಗುಂಟ ಒತ್ತುತ್ತ ಬಂದರು. ಒಂದು ಕಡೆ ಮುಟ್ಟಿದಾಗ ಅವಳು ಕಿಟಾರನೆ ಕಿರುಚಿದಳು. ಮಾಸ್ತರು ಅದೇ ಜಾಗವನ್ನು ಇನ್ನೊಮ್ಮೆ ಒತ್ತಿ ನೋಡಿ ಕೈ ತೆಗೆದರು.

"ಓಡೂ ಕಾಲು ನೋಯೂದೇ ಮಗಾ," ಎಂದರು ಕಡೆಗೆ. "ಕೂಟ ಒಂದು ಮುಗೀಲಿ. ಆಮೇಲೆ ಬೇಕಾದಷ್ಟು ದಿವಸ ಮಲಗು."

ಅಂದಿನಿಂದ ಪ್ರತಿ ಅಭ್ಯಾಸಕ್ಕೂ ಮೊದಲು ಎರಡು ನೋವಿನ ಗುಳಿಗೆ ಕೊಟ್ಟರು. ಅವಳು ನುಂಗಿದಳು. ಅವರನ್ನು ಅವಳು ಅಪ್ಪನಿಗಿಂತ ಹೆಚ್ಚು ನಂಬಿದ್ದಳು.

ಕೂಟದಲ್ಲಿ ಮುರಿದ ಮೂಳೆಯೊಳಗೆ ಆಸ್ಪತ್ರೆಯಲ್ಲಿ ರಾಡ್ ಹಾಕಿದರು. ಆ ಮಳೆಗಾಲವೆಲ್ಲ ಅಕ್ಕಮ್ಮ ಊರವರ ಗದ್ದೆಯಲ್ಲಿ ಭತ್ತದ ಸಸಿ ನಟ್ಟಿ ಮಾಡಿ ಬಂದು, ಬೆಳೆದ ಮಗಳನ್ನು ಬೆನ್ನಿಗೆ ಹಾಕಿಕೊಂಡು ಬಚ್ಚಲಿಗೆ ಒಯ್ಯುತ್ತಿದ್ದಳು. ಮಾಸ್ತರು ಆಸ್ಪತ್ರೆಗೆ ಒಮ್ಮೆ ಬಂದು ಮಂಚದ ಕಾಲ ಬಳಿ ಮೂಸಂಬಿ ಚೀಲ ಇಟ್ಟು, ಅವಳ ಮುಖ ನೋಡದೆ ಹೋದವರು ಮತ್ತೆ ಬರಲಿಲ್ಲ.

ಎಂಟನೆಯ ತಿಂಗಳಿಗೆ ಕಾರವಾರದ ಫಿಸಿಯೋಥೆರಪಿಸ್ಟ್ ಮಂದಾಕಿನಿ ಓಡಲು ಒಪ್ಪಿಗೆ ಕೊಟ್ಟಳು. ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ಹೀಗೆ ಐದು ಸಲ. ವಾರಕ್ಕೆರಡು ದಿನ ಕುಸುಮಾ ಎರಡು ಬಸ್ಸು ಹತ್ತಿ ಕಾರವಾರಕ್ಕೆ ಹೋಗಿ ಮಾಲಾದೇವಿ ಮೈದಾನದಲ್ಲಿ ಆ ಒಂದೊಂದು ನಿಮಿಷ ಓಡುತ್ತಿದ್ದಳು. ವಾಕಿಂಗಿಗೆ ಬಂದ ಮುದುಕರು ಮಾತಾಡುತ್ತಲೇ ಅವಳನ್ನು ದಾಟಿ ಹೋಗುತ್ತಿದ್ದರು. ಬಲಗಾಲಿನ ಮೀನಖಂಡ ಕರಗಿ, ಎರಡು ಕಾಲು ಇಬ್ಬರದ್ದೇನೋ ಅನ್ನುವ ಹಾಗಾಗಿತ್ತು.

ಒಂದು ದಿನ ರೋಸಿಹೋಗಿ, ಯಾರಿಗೂ ಹೇಳದೆ, ಊರಿನ ಹೆದ್ದಾರಿಯಲ್ಲಿ ನಾಲ್ಕು ಕಿಲೋಮೀಟರ್ ಒಂದೇ ಉಸಿರಿಗೆ ಓಡಿಬಿಟ್ಟಳು. ಮರುದಿನ ಕಾಲು ನೆಲಕ್ಕೆ ಊರಲಾಗಲಿಲ್ಲ. ಮಂದಾಕಿನಿ ಬೈಯಲಿಲ್ಲ. ಕಾಗದದ ಮೇಲೆ ಬರೆದಿದ್ದ ಏಳು ವಾರಗಳ ಓಟದ ಲೆಕ್ಕವನ್ನು ಒಂದೇ ಗೀರಿನಲ್ಲಿ ಹೊಡೆದುಹಾಕಿ, "ಮತ್ತೆ ಒಂದು ನಿಮಿಷದಿಂದ," ಎಂದಳು. ಕುಸುಮಾ ಬಸ್ಸಿನಲ್ಲಿ ಅಂಕೋಲೆಯವರೆಗೂ ಅತ್ತಳು. ಮುಂದಿನ ವಾರ ಒಂದು ನಿಮಿಷ ಓಡಿದಳು.

ಕಾಲು ಮುರಿದ ಹದಿನಾರು ತಿಂಗಳಿಗೆ ಕಾರವಾರದಲ್ಲಿ ಒಂದು ಓಟದ ಕೂಟ ನಡೆಯಿತು. "ಗೆಲ್ಲೂಕೆ ಹೋಗಬೇಡ, ಮುಗಿಸೂಕೆ ಹೋಗು," ಎಂದು ಮಂದಾಕಿನಿ ಕಳಿಸಿದ್ದಳು. ಕುಸುಮಾ ಎದೆಗೆ ನಂಬರಿನ ಬಟ್ಟೆ ಸಿಕ್ಕಿಸಿಕೊಳ್ಳುತ್ತಿದ್ದಳು. ಆಗ ಪಕ್ಕದಲ್ಲಿ ಕೂತು ಬಲಗಾಲು ಉಜ್ಜಿಕೊಳ್ಳುತ್ತಿದ್ದ ಹುಡುಗಿ ಕಣ್ಣಿಗೆ ಬಿದ್ದಳು. ಅಮದಳ್ಳಿಯ ನೀತಾ, ಹದಿನೇಳು ವರ್ಷ, ಮಾಸ್ತರ ಹೊಸ ಶಿಷ್ಯೆ.

"ಎಂತ ಆಯ್ತೆ ಕಾಲಿಗೆ?"

"ಎಂತಾ ಇಲ್ಲ."

"ಗುಳಿಗೆ ತಕಂಡ್ಯಾ?"

ನೀತಾ ತಲೆಯೆತ್ತಿದಳು. "ಸರ್ ಕೊಟ್ರು. ಎರಡು."

"ಓಡಬೇಡ ನೀತಾ. ನಂದೂ ಹೀಂಗೇ ಶುರುವಾದ್ದು."

"ನಿಂಗೆ ಗೆಲ್ಲೂಕೆ ಆಗಲಿಲ್ಲ ಹೇಳಿ ನಾನೂ ಗೆಲ್ಲೂದು ಬ್ಯಾಡ್ವಾ ಅಕ್ಕಾ?" ಎಂದು ನೀತಾ ಎದ್ದು ಹೋದಳು.

ಕುಸುಮಾ ಮೈದಾನದ ಅಂಚಿನಲ್ಲಿ ನಿಂತಿದ್ದ ಮಾಸ್ತರ ಹತ್ತಿರ ಹೋದಳು. ಹದಿನಾರು ತಿಂಗಳ ಮೇಲೆ ಮೊದಲ ಮಾತು. "ಸರ್, ನೀತಾನ್ನ ಓಟಕ್ಕೆ ಇಳಿಸಬೇಡಿ."

"ನೀ ನಿನ್ನ ಓಟ ನೋಡ್ಕ ಮಗಾ," ಎಂದರು ಅವರು, ಕೈಗಡಿಯಾರ ನೋಡುತ್ತ.

ಐದು ಸಾವಿರ ಮೀಟರಿನ ಓಟ ಶುರುವಾಯಿತು. ಕುಸುಮಾ ಎಲ್ಲರಿಗಿಂತ ಹಿಂದೆ ಬಿದ್ದಳು, ಬೇಸರವಾಗಲಿಲ್ಲ. ಕಾಲು ನೋಯುತ್ತಿರಲಿಲ್ಲ. ಉಸಿರು ಹದಕ್ಕೆ ಬಂದಿತ್ತು. ಮುಗಿಸಬಲ್ಲೆ ಅನ್ನಿಸತೊಡಗಿತ್ತು. ಆಗ ಬೆನ್ನ ಹಿಂದೆ ಹೆಜ್ಜೆಯ ಸಪ್ಪಳ ಕೇಳಿಸಿತು. ಒಂದು ಹೆಜ್ಜೆ ಭಾರ, ಒಂದು ಹಗುರ. ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ನೀತಾ ಒಂದು ಸುತ್ತು ಮುಂದಾಗಿ ಅವಳನ್ನು ದಾಟಿದಳು. ಎಲ್ಲರಿಗಿಂತ ಮುಂದಿದ್ದಳು. ಹಲ್ಲು ಕಚ್ಚಿದ್ದಳು, ಬಲಪಾದ ಹೊರಕ್ಕೆ ವಾಲುತ್ತಿತ್ತು. ಇನ್ನೂ ಆರು ಸುತ್ತು ಉಳಿದಿತ್ತು.

ಬಿಟ್ಟುಬಿಡು, ನಿನಗೇಕೆ, ಎಂದು ಕುಸುಮಾ ಹತ್ತು ಹೆಜ್ಜೆಯವರೆಗೆ ತನಗೇ ಹೇಳಿಕೊಂಡಳು. ಆಮೇಲೆ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕಾಲಿಗೆ ತಂದುಕೊಂಡು ಓಡಿ, ಹಿಂದಿನಿಂದ ಅವಳ ಸೊಂಟ ಹಿಡಿದು, ಹುಲ್ಲಿನ ಮೇಲೆ ಎಳೆದುಕೊಂಡಳು.

ನೀತಾ ಮುಷ್ಟಿ ಕಟ್ಟಿ ಅವಳ ಮುಖಕ್ಕೆ, ಹೆಗಲಿಗೆ ಗುದ್ದಿದಳು. ಕುಸುಮಾ ಬಿಡಲಿಲ್ಲ. ಜನ ಓಡಿ ಬಂದರು, ಮಾಸ್ತರೂ ಬಂದರು.

"ನನ್ನ ಕಾಲು ಒತ್ತಿ ನೋಡಿದ ದಿವಸ ಮೂಳೆ ಬಿರಿದದ್ದು ನಿಮಗೆ ಗೊತ್ತಿತ್ತಾ ಸರ್?" ಎಂದಳು ಕುಸುಮಾ.

ಮಾಸ್ತರು ನೆಲ ನೋಡಿದರು. "ಸಂಶಯ ಇತ್ತು," ಎಂದರು, ಅವಳಿಗಷ್ಟೇ ಕೇಳುವ ಹಾಗೆ.

"ಇವಳದ್ದು?"

ಅವರು ಮಂಡಿಯೂರಿ ನೀತಾಳ ಮೂಳೆಯ ಗುಂಟ ಹೆಬ್ಬೆರಳು ಇಳಿಸಿದರು. ಹುಡುಗಿ ಚೀರಿದಳು. ಮಾಸ್ತರು ಅಲ್ಲೇ ಕೂತುಬಿಟ್ಟರು.

ಆದರೆ ಕೂಟದವರು ವಿಚಾರಿಸಿದಾಗ ಮಾಸ್ತರು ಗುಳಿಗೆಯ ವಿಷಯ ಬಾಯಿ ಬಿಡಲಿಲ್ಲ. ನೀತಾಳ ತಾಯಿ ಕಲಾವತಿ ಎಲ್ಲರೆದುರು, "ತನ್ನ ಕಾಲು ಹೋಯ್ತು ಹೇಳಿ ನನ್ನ ಮಗಳದ್ದೂ ಹಾಳು ಮಾಡೂಕೆ ಬಂದಾಳೆ," ಎಂದಳು. ಓಟಕ್ಕೆ ಅಡ್ಡಿ ಮಾಡಿದ್ದಕ್ಕೆ ಕುಸುಮಾಳಿಗೆ ಒಂದು ವರ್ಷ ಯಾವ ಕೂಟದಲ್ಲೂ ಓಡಬಾರದೆಂದು ನಿಷೇಧವಾಯಿತು.

ಹತ್ತು ದಿನದ ಮೇಲೆ ಮಂದಾಕಿನಿ ಸುದ್ದಿ ಹೇಳಿದಳು. ನೀತಾಳ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತ್ತು. ಮೂರು ತಿಂಗಳು ವಿಶ್ರಾಂತಿ.

"ಓಡಿ ಮುಗಿಸಿದ್ರೆ ಮುರೀತಿತ್ತಾ?" ಕುಸುಮಾ ಕೇಳಿದಳು.

"ಮುರೀತಿತ್ತೋ, ಇಲ್ಲವೋ. ಯಾರಿಗೂ ಹೇಳೂಕಾಗೂದಿಲ್ಲ."

ಆ ಉತ್ತರವನ್ನು ಅವಳು ಬಹಳ ದಿನ ಮನಸ್ಸಿನಲ್ಲೇ ಮಗುಚುತ್ತಿದ್ದಳು. ನೀತಾ ಇವತ್ತಿಗೂ ಅವಳೊಡನೆ ಮಾತಾಡುವುದಿಲ್ಲ, ಬಸ್ ನಿಲ್ದಾಣದಲ್ಲಿ ಕಂಡರೆ ಮುಖ ತಿರುಗಿಸುತ್ತಾಳೆ. ಮಾಸ್ತರು ಮೈದಾನಕ್ಕೆ ಬರುವುದನ್ನೇ ಬಿಟ್ಟರು. ಕಲಿಸುವವರಿಲ್ಲದಂತಾದ ಉಳಿದ ಮೂವರು ಹುಡುಗಿಯರು ಅದಕ್ಕೂ ಕುಸುಮಾಳನ್ನೇ ದೂರುತ್ತಾರೆ.

ಅವಳು ಮಾತ್ರ ಮಂದಾಕಿನಿ ಬರೆದುಕೊಟ್ಟ ಕಾಗದದಂತೆ ಓಡುತ್ತಲೇ ಇದ್ದಾಳೆ. ಈಗ ಆರು ಕಿಲೋಮೀಟರ್‌ವರೆಗೆ ಬಂದಿದೆ. ಮೊದಲಿನ ವೇಗ ಬಂದಿಲ್ಲ, ಬರುತ್ತದೆಂದು ಯಾರೂ ಹೇಳಿಲ್ಲ.

"ಕೂಟ ಇಲ್ಲ, ಎಂತಾ ಇಲ್ಲ. ಎಂತಕ್ಕೆ ಓಡ್ತ್ಯೇ?" ಎಂದಳು ಅಕ್ಕಮ್ಮ ಒಂದು ಸಂಜೆ, ಮಗಳ ಕಾಲಿಗೆ ಎಣ್ಣೆ ತಿಕ್ಕುತ್ತ.

"ಗೊತ್ತಿಲ್ಲ ಅವ್ವಾ."

ಅಕ್ಕಮ್ಮ ರಾಡ್ ಇದ್ದ ಜಾಗವನ್ನು ಮೆಲ್ಲಗೆ ತಪ್ಪಿಸಿ ತಿಕ್ಕಿದಳು. "ನಾಳೆ ನಟ್ಟಿಗೆ ಆಳು ಕಡಿಮೆ ಅದೆ. ಬತ್ಯಾ?"

"ಬತ್ತೆ. ಓಡಿ ಮುಗಿಸ್ಕಂಡು ಬತ್ತೆ."