ಮವಾಲೇಹ್ ಆಕಾಶದ ಕೆಳಗೆ ಗೋಲಗುಂಬಜ

ಮೊನ್ನೆ ಗುರುವಾರ ನಮ್ಮ ಮನೆಯಲ್ಲಿ ಗೋಲಗುಂಬಜಕ್ಕಾಗಿ ಜಗಳ ನಡೆಯಿತು. ನಾವು ವಿಜಯಪುರದವರೇನೋ ನಿಜ, ಆದರೆ ಮನೆ ಇರುವುದು ಮಸ್ಕತ್ತಿನ ಅಲ್ ಮವಾಲೇಹ್‌ನಲ್ಲಿ!

ಮಗಳು ಅನನ್ಯಾ ಐದನೇ ಕ್ಲಾಸು. ಅವಳ ಡ್ರಾಯಿಂಗ್ ಟೀಚರ್ ಸುಳಿಸುಳಿ ಆಕಾಶದ ಆ ಜಗತ್ಪ್ರಸಿದ್ಧ ಚಿತ್ರ ತೋರಿಸಿ (ಕ್ಯಾಲೆಂಡರಿನಿಂದ ಕಾಫಿ ಮಗ್‌ವರೆಗೆ ಎಲ್ಲೆಲ್ಲೂ ಇರುತ್ತದಲ್ಲ, ಅದೇ), ನಿಮ್ಮ ಕಿಟಕಿಯಿಂದ ಕಾಣುವ ರಾತ್ರಿ ಬಿಡಿಸಿ, ಭಾನುವಾರ ತನ್ನಿ ಎಂದಿದ್ದರಂತೆ. ಇವಳು ಊಟ ಬಿಟ್ಟು ಕೂತು ಬಿಡಿಸಿದಳು. ನೀಲಿ ಆಕಾಶ, ಹಳದಿ ಚುಕ್ಕಿ, ಬೋಳು ಗುಡ್ಡ. ನಡುವೆ ಗೋಲಗುಂಬಜ!

"ಇದೇನವ್ವಾ? ನಮ್ಮ ಕಿಡಕ್ಯಾಗ ಇದು ಎಲ್ಲಿ ಕಾಣತದ?"

"ನಥಿಂಗ್ ಕಾಣತದ ಮಮ್ಮಿ. ನೀನೇ ಫಾಯಿಲ್ ಹಚ್ಚೀದಿ!"

ನಿಜ. ಪಡುವಣ ಬಿಸಿಲು ತಡೆಯಲಾರದೆ ಅವಳ ಕೋಣೆಯ ಕಿಟಕಿಗೆ ನಾನೇ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದ್ದೆ. ಚಪಾತಿ ಸುತ್ತುವ ಅದೇ ಫಾಯಿಲ್. (ಇಲ್ಲಿ ಯಾರ ಮನೆಯಲ್ಲಿಲ್ಲ ಹೇಳಿ?) ಆದರೆ ಅಷ್ಟಕ್ಕೇ ಸೋಲೊಪ್ಪುವ ತಾಯಿ ಯಾರು? "ಸುಳ್ಳು ಚಿತ್ರ ಕೊಡಬ್ಯಾಡ, ಬ್ಯಾರೆ ತಗಿ" ಎಂದುಬಿಟ್ಟೆ. ಹುಡುಗಿ ಕಣ್ಣು ತುಂಬಿಕೊಂಡು ಹಾಳೆ ಹರಿಯಲು ಹೊರಟಳು.

"ತಡಿ, ಆ ದೊಡ್ಡ ಚಿತ್ರದಾಂವ ಹೆಂಗ ಬಿಡಿಸ್ಯಾನ ನೋಡೂಣು" ಎಂದು ಮೊಬೈಲ್ ತೆಗೆದೆ. ಅವಳಿಗೆ ಬುದ್ಧಿ ಕಲಿಸುವ ಉತ್ಸಾಹ. ಕಲಿತದ್ದು ಮಾತ್ರ ನಾನು.

ಆ ಡಚ್ ಕಲಾವಿದ ಮನಸ್ಸು ಕೆಟ್ಟು ಫ್ರಾನ್ಸಿನ ಆಸ್ಪತ್ರೆಯೊಂದನ್ನು ಸೇರಿದ್ದ. ಸರಳಿನ ಕಿಟಕಿಯಿಂದ ನಸುಕಿನ ಚುಕ್ಕಿ ನೋಡುತ್ತಿದ್ದ. ಆದರೆ ಚಿತ್ರ ಬಿಡಿಸಿದ್ದು ಹಾಡಹಗಲಲ್ಲಿ, ಬೇರೆ ಕೋಣೆಯಲ್ಲಿ, ನೆನಪಿನಿಂದ. ಚಿತ್ರದಲ್ಲಿರುವ ಊರು ಆ ಕಿಟಕಿಗೆ ಕಾಣುತ್ತಲೇ ಇರಲಿಲ್ಲವಂತೆ! ಚರ್ಚಿನ ಚೂಪು ಗೋಪುರವಂತೂ ಅವನ ತವರು ದೇಶದ ಗೋಪುರಗಳ ಹಾಗೇ ಇದೆಯಂತೆ.

ಓದುತ್ತ ಓದುತ್ತ ನನ್ನ ದನಿ ಸಣ್ಣದಾಯಿತು. ಅವಳದು ದೊಡ್ಡದಾಯಿತು.

"ಸೀ ಮಮ್ಮಿ! ಅಂವಾನೂ ತನ್ನ ಊರಿಂದು ತಂದು ಇಟ್ಟಾನ!"

ನನ್ನ ಗಂಡ ಸೋಫಾದಿಂದಲೇ ತೀರ್ಪು ಕೊಟ್ಟರು. "ಖಲಾಸ್. ನೀ ಸೋತಿ."

ಸೋತೆ. ಇಷ್ಟು ಖುಷಿಯಿಂದ ಯಾವತ್ತೂ ಸೋತಿರಲಿಲ್ಲ. ಏಳು ವರ್ಷದ ಹಿಂದೆ ಬಿಟ್ಟು ಬಂದ ಊರನ್ನು ಇವಳು ಮರೆತಿದ್ದಾಳೆ ಎಂದೇ ತಿಳಿದಿದ್ದೆ.

ಆ ಸಂಭ್ರಮಕ್ಕೆ ಸಂಜೆ ಮೂವರೂ ಸೇರಿ ಫಾಯಿಲ್ ಪರಪರ ಕಿತ್ತೆವು. ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕು, ಡಿಶ್ ಆಂಟೆನಾ, ಅವುಗಳ ಮೇಲೆ ಒಂದೇ ಒಂದು ಚುಕ್ಕಿ. ನನಗೆ ಅಷ್ಟೇ ಹಬ್ಬ. ಅನನ್ಯಾ ಮಾತ್ರ ಒಮ್ಮೆ ಹೊರಗೆ ನೋಡಿದಳು, ಒಮ್ಮೆ ತನ್ನ ಚಿತ್ರ ನೋಡಿಕೊಂಡಳು.

"ಮಮ್ಮಿ, ನಂದೇ ಚಲೋ ಅದ. ಫಾಯಿಲ್ ವಾಪಸ್ ಹಚ್ಚು!"

ನೀವೇ ಹೇಳಿ, ಹಚ್ಚಲೇ?