ಕಿವಿ ಮುರಿದ ಕ್ಯಾಸೆಟ್ಟು

ಶಾಂತಕ್ಕನ ಮದುವೆಯ ಕ್ಯಾಸೆಟ್ಟನ್ನು ಅಳಿಸಿದವನು ನಾನು. ಆಕೆಯ ಗಂಡ ಗುರಪ್ಪ ಮಾವ ಅಲ್ಲ. ಇಷ್ಟು ವರ್ಷ ಆ ಮನುಷ್ಯ ಹೊತ್ತು ತಿರುಗಿದ್ದು ನನ್ನ ತಪ್ಪನ್ನು. ಅದನ್ನು ಅವರ ತಲೆಗೆ ಕಟ್ಟಿದ್ದು ನಾನಾಡಿದ ಒಂದು ಸಣ್ಣ ಮಾತು.

ಈಗ ಯಾಕೆ ಹೇಳುತ್ತಿದ್ದೇನೆಂದರೆ — ಸುಸ್ತಾಗಿದೆ. ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ನಾನು ಮಾಸ್ತರ. ಮುದ್ದೇಬಿಹಾಳದ ಕಾಲೇಜಿನಲ್ಲಿ ಜೊತೆಗೆ ಓದಿದವರದೊಂದು ವಾಟ್ಸಾಪ್ ಗುಂಪು ಇದೆ, ಹೆಸರು ‘ಕ್ಯಾಸೆಟ್ ಕಾಲದವರು’. ಬೆಳಗಾದರೆ ಸಾಕು, ಒಬ್ಬ ಹಳೆಯ ಹಾಡು ಹಾಕುತ್ತಾನೆ. ಇನ್ನೊಬ್ಬ ಪೆನ್ಸಿಲಿನಿಂದ ರೀಲು ಸುತ್ತುವ ಚಿತ್ರ ಹಾಕಿ, ಇದು ಗೊತ್ತಿದ್ದವರೇ ಕೊನೆಯ ಪುಣ್ಯವಂತ ಪೀಳಿಗೆ ಎನ್ನುತ್ತಾನೆ. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ನಾನೂ ಏನು ಕಡಿಮೆಯಲ್ಲ. ವರ್ಗದಲ್ಲಿ ಹುಡುಗರ ಡಿಜೆ ಹಾಡುಗಳಿಗೆ ಬೈಯುತ್ತೇನೆ, ಮನೆಯಲ್ಲಿ ಮಗಳಿಗೆ ನಮ್ಮ ಕಾಲದ ಹಾಡಿನ ಅರ್ಥ ಬಿಡಿಸಿ ಹೇಳುತ್ತೇನೆ. ಅವಳು ಒಮ್ಮೆ, “ಅಪ್ಪಾ, ನೀವು ನೈಂಟೀಸ್ ಮಂದಿ ಹಾಡು ಕೇಳೂದು ಕಡಿಮಿ, ಅಳೂದು ಭಾಳ” ಎಂದಳು. ನಕ್ಕೆ. ಆದರೆ ಕ್ಯಾಸೆಟ್ಟಿನ ಆ ಚಿತ್ರ ಬಂದಾಗಲೆಲ್ಲ ನನ್ನ ಹೆಬ್ಬೆರಳು ಮುಂದೆ ಹೋಗುವುದಿಲ್ಲ.

ಹೋದ ವಾರ ಬಸುವಿನ ಫೋನು ಬಂತು. ಬಸು ನನ್ನ ರೂಮಿನ ಗೆಳೆಯ, ಶಾಂತಕ್ಕನ ತಮ್ಮ. ಈಗ ಸಿಂದಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಮಗಳ ಮದುವೆ ಗೊತ್ತಾಗಿದೆ ಎಂದ. ಸುಮ್ಮನಿರಲಾರದೆ ಕೇಳಿದೆ, “ಶಾಂತಕ್ಕಗ ಹೇಳೀಯಿಲ್ಲೋ?”

“ಆ ಮನಿ ಮಂದಿ ನನ್ನ ಹಂದರದಾಗ ಕಾಲಿಡೂದು ಬ್ಯಾಡ. ನಮ್ಮವ್ವನ ದನಿ ನುಂಗಿದಾಂವ ಆ ಗುರಪ್ಪ.”

ನಾನು “ಹೂಂ” ಎಂದೆ. ಆ ‘ಹೂಂ’ ಹೇಗೆ ಬಾಯಿಂದ ಬಂತೋ — ಅಂದಿನಿಂದ ನಿದ್ದೆ ಸರಿಯಿಲ್ಲ.

ಬಸುವಿನ ಊರು ದೇವಣಗಾಂವ, ನನ್ನದು ಇಂಡಿ. ಶಾಂತಕ್ಕನನ್ನು ಇಂಡಿಗೇ ಕೊಟ್ಟಿದ್ದರು. ಬಸು, ಶಾಂತಕ್ಕ ಇಬ್ಬರ ಅವ್ವ ನೀಲವ್ವ ಸೋಬಾನ ಹಾಡುವುದರಲ್ಲಿ ಹೆಸರಾದವಳು. ಸುತ್ತಿನ ಊರುಗಳಲ್ಲಿ ಮದುವೆ ಎಂದರೆ ಆಕೆಗೆ ಮೊದಲು ಎಲೆ-ಅಡಿಕೆ ಕೊಟ್ಟು ಕರೆಯುತ್ತಿದ್ದರಂತೆ. ಶಾಂತಕ್ಕನ ಮದುವೆಯಲ್ಲಿ, ನಾಲ್ಕು ಮೂಲೆಗೆ ತಂಬಿಗೆಯಿಟ್ಟು ನೂಲಿನ ಸುರಗಿ ಸುತ್ತಿ ಮದುಮಕ್ಕಳಿಗೆ ನೀರು ಹಾಕುವಾಗ ಆಕೆ ಹಾಡಿದ್ದನ್ನು ಯಾರೋ ಟೇಪಿನಲ್ಲಿ ಹಿಡಿದಿದ್ದರು. ಅದೇ ಬೇಸಿಗೆಯಲ್ಲಿ ಬಸುವಿನ ಅಪ್ಪ ತೀರಿಕೊಂಡ. ಅಲ್ಲಿಗೆ ನೀಲವ್ವನ ಸೋಬಾನ ಮುಗಿಯಿತು. ಗಂಡ ಸತ್ತವಳು ಸುರಗಿಯ ಹತ್ತಿರ ನಿಲ್ಲುವುದಿಲ್ಲ, ಹಾಡುವುದೂ ಇಲ್ಲ. ಆಕೆಗೆ ಹಾಡಬೇಡ ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎಂಥ ಪದ್ಧತಿಯೋ ಏನೋ.

ಆದ್ದರಿಂದ ಆಕೆಯ ದನಿ ಎಂದು ಉಳಿದದ್ದು ಆ ಒಂದು ಕ್ಯಾಸೆಟ್ಟು. ಬಸು ಅದರ ಕಿವಿ ಮುರಿದಿಟ್ಟಿದ್ದ. ಕ್ಯಾಸೆಟ್ಟಿನ ಬೆನ್ನಿಗೆ ಪ್ಲಾಸ್ಟಿಕ್ಕಿನ ಎರಡು ಚೂರುಗಳಿರುತ್ತಿದ್ದವು, ನಾವು ಕಿವಿ ಎನ್ನುತ್ತಿದ್ದೆವು. ಮುರಿದರೆ ರೆಕಾರ್ಡಿನ ಗುಂಡಿ ಕೆಳಗಿಳಿಯುವುದಿಲ್ಲ, ಒಳಗಿನ ಹಾಡು ಭದ್ರ. ಆ ತೂತಿಗೆ ಕಾಗದ ತುರುಕಿದರೆ ಗುಂಡಿ ಮತ್ತೆ ಇಳಿಯುತ್ತದೆ. ಎರಡೂ ಎಲ್ಲರಿಗೂ ಗೊತ್ತಿದ್ದ ಸಂಗತಿಯೇ.

ಒಂದು ದಿನ ಬಸು ಊರಿಗೆ ಹೊರಡುವಾಗ ಅದನ್ನು ನನ್ನ ಕೈಗೆ ಕೊಟ್ಟ. “ಗ್ಯಾದರಿಂಗ್ ಮುಗಿಸಿ ಇಂಡಿಗೆ ಹೊಂಟೀಯಲ್ಲ, ಅಕ್ಕಗ ಕೊಡು. ಅಕೀ ಮದವೀದು, ಅಕೀ ಕಡೇನ ಇರ್ಲಿ.”

ಮರುದಿನ ಕಾಲೇಜಿನ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ; ಅದರಲ್ಲಿ ನಮ್ಮದೊಂದು ಡ್ಯಾನ್ಸು. ಯಾರೋ ಹೊಸ ಸಿನಿಮಾದ ಕ್ಯಾಸೆಟ್ಟು ತಂದಿದ್ದ, ಸಂಜೆಯೊಳಗೆ ತಿರುಗಿ ಕೊಡಬೇಕು. ಪೇಟೆ ಮುಚ್ಚಿತ್ತು, ಖಾಲಿ ಕ್ಯಾಸೆಟ್ಟು ಎಲ್ಲಿಯೂ ಸಿಗಲಿಲ್ಲ. ಚೀಲದಲ್ಲಿ ನೀಲವ್ವನದು ಇತ್ತು. ಹಾಕಿ ಕೇಳಿದೆ. ಎಳೆದು ಹಾಡುವ ದನಿ, ಬಳೆ ಸಪ್ಪಳ, ನಡುವೆ ಯಾರದೋ ಕೆಮ್ಮು. ರೂಮಿನಲ್ಲಿದ್ದವರೆಲ್ಲ ನಕ್ಕೆವು. “ಮುದುಕ್ಯಾರ ಹಾಡಪಾ, ಅಕಿ ಮತ್ತ ಹಾಡ್ತಾಳ ಬಿಡು” ಎಂದವನು ನಾನೇ. ಆಕೆ ಮತ್ತೆ ಹಾಡುವುದಿಲ್ಲ ಎಂದು ಗೊತ್ತಿತ್ತೇ? ಗೊತ್ತಿತ್ತು. ಇಂಡಿಯ ಮನೆಯಲ್ಲಿ ನನ್ನ ಸ್ವಂತ ಅಜ್ಜಿಯೂ ಹಾಗೇ ಸುಮ್ಮನಾದವಳು. ಆದರೆ ಆ ಗಳಿಗೆಗೆ ಅದು ನೆನಪಾಗಲಿಲ್ಲ — ಅಲ್ಲ, ನೆನಪು ಮಾಡಿಕೊಳ್ಳಲಿಲ್ಲ. ಕಡ್ಡಿಪೆಟ್ಟಿಗೆಯ ರಟ್ಟು ಹರಿದು ಕಿವಿಗೆ ತುರುಕಿದೆ. ಆ ಮಗ್ಗುಲು ತುಂಬುವವರೆಗೂ ಹಾಡು ಹಿಡಿದೆ. ಇನ್ನೊಂದು ಮಗ್ಗುಲು ಖಾಲಿಯೇ ಇತ್ತು, ಅದು ಆಮೇಲೆ ತಿಳಿಯಿತು. ತಿರುವಿ ನೋಡುವಷ್ಟೂ ವ್ಯವಧಾನ ಇರಲಿಲ್ಲ ನನಗೆ.

ಇಷ್ಟಕ್ಕೇ ನಿಂತಿದ್ದರೆ ಹುಡುಗಾಟ ಎನ್ನಬಹುದಿತ್ತು. ಇಂಡಿಯ ಬಸ್ಸಿನಲ್ಲಿ ಕೂತು ಆ ರಟ್ಟಿನ ಚೂರುಗಳನ್ನು ಉಗುರಿನಿಂದ ಕೆದರಿ ತೆಗೆದೆ. ಮೊದಲಿನಂತೆ ಕಾಣಬೇಕಲ್ಲ. ಅದನ್ನು ಮರೆವು ಎನ್ನಲು ಬರುವುದಿಲ್ಲ.

ಗುರಪ್ಪ ಮಾವ ಸಿನಿಮಾ ಹಾಡಿನ ಶೋಕಿಯವರು, ಮನೆಯಲ್ಲಿ ದೊಡ್ಡ ಟೇಪು ಇತ್ತು. ಈಗಲೇ ಹಾಕುತ್ತಾರೆ, ಸಿಕ್ಕಿಬೀಳುತ್ತೇನೆ ಎಂದುಕೊಂಡೆ. ಶಾಂತಕ್ಕ ಕ್ಯಾಸೆಟ್ಟನ್ನು ಕಣ್ಣಿಗೊತ್ತಿಕೊಂಡು, “ಈಗ ಕೇಳಿದ್ರ ಅಳು ಬರ್ತೈತಿ. ಬಸೂನ ಮದವಿಗಿ ಹಚ್ಚೂಣು” ಎಂದು ಟ್ರಂಕಿನಲ್ಲಿ, ಮದುವೆ ಸೀರೆಯ ಮಡಿಕೆಯಲ್ಲಿಟ್ಟಳು. ನಾನು ಚಹಾ ಕುಡಿದು ಬಂದೆ.

ಬಸುವಿನ ಮದುವೆ ಕೆಲವು ವರ್ಷಗಳ ನಂತರ ದೇವಣಗಾಂವದಲ್ಲೇ ಆಯಿತು. ನೀಲವ್ವ ಸುರಗಿಗೆ ಬರುವಂತಿಲ್ಲ, ಆಕೆಯ ಹಾಡಾದರೂ ಬರಲಿ ಎಂಬುದು ಅಕ್ಕ-ತಮ್ಮಂದಿರ ಆಸೆ. ಆಕೆಗೂ ಹೇಳಿದ್ದರು. ಒಳಗಿನ ಬಾಗಿಲ ಬಳಿ ಸೆರಗು ಹೊದ್ದು ನಿಂತಿದ್ದಳು, ಆ ಮುಖ ಚೆನ್ನಾಗಿ ನೆನಪಿದೆ. ನಾನು ಮೈಕಿನವನ ಪಕ್ಕದಲ್ಲೇ ಇದ್ದೆ. ಆಗಲೂ ತಡೆಯಬಹುದಿತ್ತು. ತಡೆಯಲಿಲ್ಲ.

ಹಾರ್ನಿನಿಂದ ನನ್ನ ಡ್ಯಾನ್ಸಿನ ಹಾಡು ಬಂತು. ಹಂದರದ ಹುಡುಗರು ಸೀಟಿ ಹೊಡೆದು ಕುಣಿಯಲು ಶುರುಮಾಡಿದರು. ಸುರಗಿಯೊಳಗೆ ಕೂತಿದ್ದ ಬಸು ಒದ್ದೆ ಮೈಯಲ್ಲೇ ಎದ್ದುನಿಂತ. ಶಾಂತಕ್ಕ ಗಂಡನ ಮುಖ ನೋಡಿದಳು — ಆ ಒಂದು ನೋಟ ಸಾಕಾಯಿತು, ಎಲ್ಲರೂ ಅವರನ್ನೇ ನೋಡಿದರು. “ನಾ ಮುಟ್ಟಿಲ್ಲೋ ಬಸು, ಆಣಿ ಮಾಡಿ ಹೇಳ್ತೇನಿ” ಎಂದರು ಮಾವ. ಬಸು ನನ್ನ ಕಡೆ ತಿರುಗಿದ.

“ನೀ ಕೊಟ್ಟಾಗ ಸರಿ ಇತ್ತಲ್ಲೋ?”

“ಸರಿ ಇತ್ತು.”

ಮಾವ ಊಟ ಮಾಡದೆ ಹಂದರ ಬಿಟ್ಟು ಹೊರಟರು. ಶಾಂತಕ್ಕ ಅಳುತ್ತ ಅವರ ಹಿಂದೆ ಹೋದಳು. ನೀಲವ್ವ ಮಾತ್ರ ಕುಣಿಯುವ ಹುಡುಗರನ್ನು ನೋಡುತ್ತ, “ಬೈಬ್ಯಾಡ್ರಿ, ಈಗಿನ ಹುಡುಗ್ರು. ಅವರ ಹಾಡು ಅವರಿಗೆ ಚಂದ” ಎಂದು ಒಳಗೆ ಹೋದಳು. ಆಗ ‘ಈಗಿನ ಹುಡುಗರು’ ಎಂದರೆ ನಾವು. ಮುಂದೆ ಆಕೆ ಸತ್ತಾಗ ಅಕ್ಕ-ತಮ್ಮ ಹೆಣದ ಎರಡು ಬದಿಗೆ ಕೂತಿದ್ದರು, ಮಾತಾಡಲಿಲ್ಲ. ನಾನು ಬಸುವಿನ ಹೆಗಲ ಮೇಲೆ ಕೈಯಿಟ್ಟುಕೊಂಡು ಸಮಾಧಾನ ಮಾಡುತ್ತಿದ್ದೆ. ಎಂಥ ನಾಲಾಯಕ ಮನುಷ್ಯ ನಾನು.

ನಿನ್ನೆ ಇಂಡಿಗೆ ಫೋನು ಮಾಡಿದೆ. “ರವಿವಾರ ಬರ್ತೇನಿ ಅಕ್ಕಾ. ಮಾವಗ ಮನ್ಯಾಗ ಇರ್ರಿ ಅಂತ ಹೇಳು.”

“ಏನರ ಕೆಲಸ ಇತ್ತೇನೋ?”

“ಬಂದು ಹೇಳ್ತೇನಿ.”

ಮೊದಲು ಮಾವನಿಗೆ ಹೇಳುತ್ತೇನೆ. ಅಲ್ಲಿಂದ ನೇರ ಸಿಂದಗಿಯ ಬಸ್ಸು ಹಿಡಿದು ಬಸುವಿನ ಅಂಗಡಿಗೆ. ಅವನು ಹೊಡೆದರೆ ಹೊಡೆಸಿಕೊಳ್ಳುವುದು, ಗೆಳೆತನ ಬಿಟ್ಟರೆ ಬಿಡಲಿ. ಅಕ್ಕನನ್ನು ಕರೆದರೆ ಸಾಕು.

ನನಗೆ ಹೆದರಿಕೆ ಇರುವುದು ಬೇರೆಯದಕ್ಕೆ. ಶಾಂತಕ್ಕ ಬೈಯುವವಳಲ್ಲ. ಅವ್ವ ಅದರಲ್ಲಿ ಯಾವ ಹಾಡು ಹೇಳಿದ್ದಳು ಎಂದು ಕೇಳುತ್ತಾಳೆ. ಮದುಮಗಳಾಗಿ ಕೂತವಳಿಗೆ ಆ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ. ಆ ಕ್ಯಾಸೆಟ್ಟನ್ನು ಕೊನೆಗೆ ಕೇಳಿದವನು ನಾನು. ಅದರ ಮೇಲೆ ಹಿಡಿದ ಸಿನಿಮಾ ಹಾಡು ಇವತ್ತಿಗೂ ಒಂದು ಸಾಲು ತಪ್ಪದೆ ಬಾಯಿಗೆ ಬರುತ್ತದೆ. ನೀಲವ್ವನದು ಒಂದು ಸಾಲೂ ನೆನಪಿಲ್ಲ.