ಬಸ್ತಿಹಳ್ಳಿಯ ಕಂಬಕ್ಕೆ ಪಾಠ

ಡಿಗ್ರಿಗೆ ಸೇರಿದ ಮೇಲಿನ ಮೊದಲ ಟೆಸ್ಟಲ್ಲೇ ಎಕನಾಮಿಕ್ಸ್ ಕೈಕೊಟ್ಟಿತು. ಉರುಹೊಡೆದದ್ದೆಲ್ಲ ಪೇಪರ್ ಕೈಗೆ ಬಂದ ಕೂಡಲೇ ಮರೆತುಹೋಗಿತ್ತು. ಇನ್ನು ಮೇಲೆ ಅಂದಿನ ಪಾಠವನ್ನು ಅಂದೇ ಯಾರಿಗಾದರೂ ವಿವರಿಸಬೇಕು ಅಂತ ಹಟ ತೊಟ್ಟೆ. ಮನೆಯಲ್ಲಿ ಕೇಳೋಕೆ ಯಾರಿಗೂ ಪುರುಸೊತ್ತಿಲ್ಲ. ಕಾಲೇಜಿಂದ ಬಂದು ಹಳೇಬೀಡಿನಲ್ಲಿ ನಮ್ಮೂರ ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತಲ್ಲ, ಆ ಹೊತ್ತಿನಲ್ಲಿ ಬಸ್ತಿಹಳ್ಳಿಯ ಬಸದಿಗೆ ನಡೆದುಹೋಗಿ, ಕನ್ನಡಿಯಂತೆ ಹೊಳೆಯುವ ಕಂಬದಲ್ಲಿ ಕಾಣುವ ನನಗೇ ಪಾಠ ಹೇಳತೊಡಗಿದೆ.

ತಿಂಗಳಾದ ಮೇಲೆ ಹೊಸ ವಾಚ್‌ಮನ್ ಒಬ್ಬರು ತಡೆದರು. "ಏನಮ್ಮ, ಕಂಬದ ಜೊತೆ ಮಾತಾಡ್ತಿದ್ದೀಯಾ? ಇಲ್ಲಿ ಓದೋ ಹಂಗಿಲ್ಲ."

"ಬೋರ್ಡಲ್ಲಿ ಎಲ್ಲಿ ಬರ್ದೈತೆ, ತೋರ್ಸಿ. ಮುಟ್ಬೇಡಿ ಅಂತೈತೆ, ಮುಟ್ಟಿಲ್ಲ. ಗೀಚ್ಬೇಡಿ ಅಂತೈತೆ, ಗೀಚಿಲ್ಲ."

ಅವರು ಹೋಗಿ ಬೋರ್ಡನ್ನು ಪೂರ್ತಿ ಓದಿ ಬಂದು, ಮೆಟ್ಟಿಲ ಮೇಲೆ ಕೂತರು. ನಾನು ಬೇಕಂತಲೇ ದನಿ ಏರಿಸಿ, ಬೇಡಿಕೆಯ ನಿಯಮವನ್ನು ಕೊನೆಯವರೆಗೂ ಹೇಳಿ ಮುಗಿಸಿದೆ.

"ನಂಗೇನೂ ಅರ್ಥ ಆಗ್ಲಿಲ್ಲ," ಅಂದರು. "ನಿಂಗೂ ಆಗಿರೋ ಹಂಗೆ ಕಾಣಲ್ಲ."

ಮೈಯೆಲ್ಲ ಉರಿಯಿತು. "ನಾಳೆ ಇದೇ ಹೊತ್ತಿಗೆ ಬತ್ತೀನಿ. ನಿಮಗೆ ಅರ್ಥ ಆಗೋವರೆಗೂ ಬಿಡಲ್ಲ!"

ಆ ಕಂಬವಾದರೋ, ಒಂದು ತಿಂಗಳಿಂದ ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿಕೊಂಡೇ ಬಂದಿತ್ತು.